ಫೋಟೋ ಕಾಣುತ್ತದೆ, ತೆರೆಯುವುದಿಲ್ಲ: ಎಡಿಟಿಂಗ್ ಫೈಲ್ ನಿಜಕ್ಕೂ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸ್ಟುಡಿಯೋ ಇಟ್ಟುಕೊಂಡವರಿಂದ ಒಂದೇ ಬಗೆಯ ಫೋನ್ ಬರಲು ಶುರುವಾಗುತ್ತದೆ. ಮೇ ತಿಂಗಳ ಮದುವೆ, ಉಪನಯನಗಳೆಲ್ಲ ಮುಗಿದು ಆಲ್ಬಮ್ ಕೆಲಸಕ್ಕೆ ಕೂರುವ ಹೊತ್ತದು. ಎಲ್ಲೋ ಮರ ಬಿದ್ದು ಫೈಬರ್ ಕಟ್ಟಾಗಿರುತ್ತದೆ, ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. "ಅಣ್ಣಾ, ನಿನ್ನೆ ತನಕ ತೆರೀತಿದ್ದ ಫೋಟೋ ಇವತ್ತು ತೆರೀತಿಲ್ಲ. ಹೆಸರು ಕಾಣ್ತದೆ, ಸಣ್ಣ ಚಿತ್ರವೂ ಕಾಣ್ತದೆ, ಒತ್ತಿದ್ರೆ ಏನೂ ಬರ್ತಿಲ್ಲ" ಅನ್ನುತ್ತಾರೆ.

ನೆಟ್ ಬಂದ ಮೇಲೆ ತಾನಾಗಿ ಸರಿಹೋಯಿತೆಂದು ಅದನ್ನು ಅಲ್ಲಿಗೇ ಬಿಡುವವರು ಬಹಳ. ಬಿಡಬಾರದು. ನಮ್ಮ ಕ್ಯಾಮೆರಾದಲ್ಲಿ ತೆಗೆದು, ನಮ್ಮ ಕಂಪ್ಯೂಟರಿಗೆ ಹಾಕಿದ ಫೋಟೋವನ್ನು ತೆರೆಯಲು ನೆಟ್ ಬೇಕಾಗುತ್ತಿದೆ ಎಂದರೆ ಅದೇ ದೋಷ. ಫೈಲ್ ನಮ್ಮ ಡಿಸ್ಕಿನಲ್ಲಿ ಇಲ್ಲ, ಅದರ ಹೆಸರು ಮಾತ್ರ ಇದೆ. ಹಾಗಾಗಿ ಇಂಥ ಯಾವುದೇ ತೊಂದರೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಫೈಲ್ ಈಗ ಎಲ್ಲಿದೆ? ಅದು ತಿಳಿಯುವ ತನಕ ದುರಸ್ತಿಗೆ ಕೈ ಹಾಕಬಾರದು.

ಇಲ್ಲಿ ಬರೆದಿರುವುದು ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿಗೆ, ಲೈಟ್‌ರೂಮ್ ಕ್ಲಾಸಿಕ್ ಮತ್ತು ಫೋಟೋಶಾಪ್ ಎಂಬ ಫೋಟೋ ಎಡಿಟಿಂಗ್ ತಂತ್ರಾಂಶ ಬಳಸುವವರಿಗೆ. ಜಿಲ್ಲೆಯ ಹೆಚ್ಚಿನ ಸ್ಟುಡಿಯೋಗಳಲ್ಲಿ ನಾನು ನೋಡಿರುವುದು ಇದೇ ಜೋಡಿ.

ಗಾಬರಿಯಲ್ಲಿ ಮಾಡಬಾರದ್ದು

ಫೋಟೋ ಕಾಣೆಯಾಗಿ ಆಗುವ ನಷ್ಟಕ್ಕಿಂತ ಅದನ್ನು ಹುಡುಕುವ ಗಾಬರಿಯಲ್ಲಿ ಆಗುವ ನಷ್ಟ ದೊಡ್ಡದು. ಲೈಟ್‌ರೂಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದ ಫೋಲ್ಡರನ್ನು 'ರಿಮೂವ್' ಮಾಡಬೇಡಿ. ಮಾಡಿದರೆ ಆ ಫೋಟೋಗಳಿಗೆ ಮಾಡಿದ ಬಣ್ಣ, ಬೆಳಕು, ಕ್ರಾಪಿನ ಲೆಕ್ಕವೆಲ್ಲ ಕ್ಯಾಟಲಾಗಿನಿಂದ, ಅಂದರೆ ಲೈಟ್‌ರೂಮ್ ಆ ಲೆಕ್ಕ ಬರೆದಿಡುವ ಫೈಲಿನಿಂದ, ಅಳಿಸಿಹೋಗುತ್ತದೆ. ಮತ್ತೆ ಇಂಪೋರ್ಟ್ ಮಾಡಿದರೆ ಫೋಟೋ ಬರುತ್ತದೆ, ಕೆಲಸ ಬರುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿದಾಗ "ಫಾರ್ಮ್ಯಾಟ್ ಮಾಡಲೇ?" ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಕ್ಯಾಮೆರಾದ ಕಾರ್ಡ್ ಇನ್ನೂ ಫಾರ್ಮ್ಯಾಟ್ ಆಗಿಲ್ಲದಿದ್ದರೆ ಅದನ್ನು ತೆಗೆದು ಬೇರೆಯಾಗಿ ಇಡಿ, ನಾಳೆಯ ಕಾರ್ಯಕ್ರಮಕ್ಕೆ ಬೇರೆ ಕಾರ್ಡ್ ತಗೊಳ್ಳಿ. ರಿಸೈಕಲ್ ಬಿನ್ ಖಾಲಿ ಮಾಡಬೇಡಿ. ಕ್ಲೌಡ್ ಸಿಂಕ್ (ನಿಮ್ಮ ಫೈಲುಗಳನ್ನು ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೊಂದಿಸಿಡುವ ಏರ್ಪಾಡು) ಓಡುತ್ತಿದ್ದರೆ, ಗಡಿಯಾರದ ಪಕ್ಕದ ಮೋಡದ ಗುರುತಿನ ಮೇಲೆ ಒತ್ತಿ ಸದ್ಯಕ್ಕೆ ನಿಲ್ಲಿಸಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಚಾಲೂ ಮಾಡಬಹುದು.

ಮೊದಲ ಪರೀಕ್ಷೆ: ಡಿಸ್ಕಿನ ಮೇಲಿನ ಗಾತ್ರ

ತೆರೆಯದ ಫೋಟೋ ಮೇಲೆ ಲೈಟ್‌ರೂಮಿನಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಇನ್ ಎಕ್ಸ್‌ಪ್ಲೋರರ್' ಒತ್ತಿ. ಫೋಲ್ಡರ್ ತೆರೆದರೆ ಅದೇ ಫೈಲಿನ ಮೇಲೆ ಮತ್ತೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್'. ಅಲ್ಲಿ ಎರಡು ಸಾಲು ಒಂದರ ಕೆಳಗೆ ಒಂದಿರುತ್ತವೆ: 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್'. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲ ಫೈಲ್) ಸಾಮಾನ್ಯವಾಗಿ 25ರಿಂದ 30 ಎಂಬಿ ಇರುತ್ತದೆ. ಎರಡೂ ಸಾಲಿನಲ್ಲಿ ಹತ್ತಿರಹತ್ತಿರ ಅದೇ ಅಂಕಿ ಇದ್ದರೆ ಫೈಲ್ ನಿಮ್ಮ ಡಿಸ್ಕಿನಲ್ಲೇ ಇದೆ, ತೊಂದರೆ ಬೇರೆ ಕಡೆ. ಮೇಲಿನ ಸಾಲಿನಲ್ಲಿ 28 ಎಂಬಿ ಇದ್ದು ಕೆಳಗೆ 0 ಬೈಟ್ಸ್ ಅಂತ ಇದ್ದರೆ ಫೈಲ್ ಕ್ಲೌಡಿನಲ್ಲಿದೆ, ನಿಮ್ಮಲ್ಲಿರುವುದು ಬರೀ ಗುರುತು.

ಗುರುತಿನ ಬಣ್ಣದಿಂದಲೂ ಹೇಳಬಹುದು. ವಿಂಡೋಸಿನ ಜೊತೆಗೇ ಬರುವ ಒನ್‌ಡ್ರೈವ್ ಎಂಬ ಕ್ಲೌಡಿನ ಫೋಲ್ಡರಿನಲ್ಲಿ ಫೈಲಿನ ಪಕ್ಕ ನೀಲಿ ಮೋಡ ಇದ್ದರೆ ಅದು ಆನ್‌ಲೈನಿನಲ್ಲಿ ಮಾತ್ರ ಇದೆ. ಬಿಳಿಯ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಸದ್ಯಕ್ಕೆ ಇಳಿದುಕೊಂಡಿದೆ, ಜಾಗ ಬೇಕಾದಾಗ ಮತ್ತೆ ಹೋಗಬಹುದು. ತುಂಬಿದ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಅದು ಇಲ್ಲೇ ಇರುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯಿರಿ. ನಡುವಿನದನ್ನು ನಂಬಿದವರೇ ಮಳೆಗಾಲದಲ್ಲಿ ಸಿಕ್ಕಿಕೊಳ್ಳುವುದು.

ಇದು ಆಗುವುದು ಹೇಗೆಂದರೆ, ಹೊಸ ಲ್ಯಾಪ್‌ಟಾಪ್ ಚಾಲೂ ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಮೂರು ಫೋಲ್ಡರುಗಳ ಬ್ಯಾಕಪ್ ಒಪ್ಪಿಕೊಂಡಿರುತ್ತೇವೆ. ಆಮೇಲೆ 'ಪಿಕ್ಚರ್ಸ್' ಎಂದು ಕಾಣುವುದು ಮೊದಲಿನ ಜಾಗವಲ್ಲ, ಒನ್‌ಡ್ರೈವ್ ಫೋಲ್ಡರಿನ ಒಳಗಿನ ಪಿಕ್ಚರ್ಸ್. ಮೇಲಿನ ವಿಳಾಸ ಪಟ್ಟಿಯ ಮೇಲೆ ಒತ್ತಿದರೆ ಪೂರ್ತಿ ದಾರಿ ಕಾಣುತ್ತದೆ. ಸಿ ಡ್ರೈವ್ ತುಂಬುತ್ತಾ ಬಂದಾಗ ವಿಂಡೋಸಿನ 'ಸ್ಟೋರೇಜ್ ಸೆನ್ಸ್' ಬಹಳ ದಿನದಿಂದ ತೆರೆಯದ ಫೈಲುಗಳನ್ನು ಆನ್‌ಲೈನಿಗೆ ಮಾತ್ರ ಬಿಟ್ಟು ಇಲ್ಲಿ ಜಾಗ ಖಾಲಿ ಮಾಡಬಲ್ಲದು. ಫೆಬ್ರವರಿಯ ಗೃಹಪ್ರವೇಶದ ಫೋಟೋ ಜುಲೈನಲ್ಲಿ ತೆರೆಯಲು ಹೋದರೆ ಸಿಗದಿರಲು ಇದೂ ಒಂದು ಕಾರಣ.

ಕೋಣಂದೂರು ಕಡೆಯ ಒಬ್ಬರ ಕಂಪ್ಯೂಟರಿನಲ್ಲಿ ಇನ್ನೊಂದು ಗೋಜಲಿತ್ತು. ಒಂದೇ ಮದುವೆಯ ಫೋಲ್ಡರಿನಲ್ಲಿ ಮುಹೂರ್ತದ ಫೋಟೋಗಳಿಗೆ ಮೋಡದ ಗುರುತು, ಆರತಕ್ಷತೆಯ ಫೋಟೋಗಳಿಗೆ ಸುತ್ತುವ ಬಾಣದ ಗುರುತು. ಉಚಿತ ಖಾತೆಯ 5 ಜಿಬಿ ಮುಗಿದಿತ್ತು, ಅಷ್ಟೆ. 28 ಎಂಬಿಯ ರಾ ಫೈಲ್ 5 ಜಿಬಿಯಲ್ಲಿ ಹಿಡಿಯುವುದು ಹೆಚ್ಚುಕಡಿಮೆ 180. ಅಷ್ಟು ಮೇಲೆ ಹೋದವು, ಉಳಿದವು ಸರದಿಯಲ್ಲಿ ನಿಂತವು. ಅವರು "ಕ್ಲೌಡಿನಲ್ಲಿ ಹೇಗೂ ಇದೆಯಲ್ಲ" ಎಂದು ಡಿಸ್ಕಿನಲ್ಲಿರುವುದನ್ನು ಅಳಿಸುವ ಯೋಚನೆಯಲ್ಲಿದ್ದರು. ಅಳಿಸಿದ್ದರೆ ಆರತಕ್ಷತೆ ಪೂರ್ತಿ ಹೋಗುತ್ತಿತ್ತು. ಆದ್ದರಿಂದ ಒಂದೆರಡು ಫೈಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಫೋಲ್ಡರಿನ ಮೊದಲು, ನಡು, ಕೊನೆ ಮೂರೂ ಕಡೆ ಪ್ರಾಪರ್ಟೀಸ್ ತೆಗೆದು ನೋಡಿ.

ಮನೆಗೆ ತರುವುದು

ಕ್ಲೌಡಿನಲ್ಲಿದೆ ಎಂದು ಖಚಿತವಾದರೆ, ನೆಟ್ ಇರುವ ಹೊತ್ತು ನೋಡಿ ಸಿಂಕ್ ಮತ್ತೆ ಚಾಲೂ ಮಾಡಿ. ಸಿ ಡ್ರೈವಿನಲ್ಲಿ ಅಷ್ಟು ಜಾಗ ಇದೆಯೇ ಎಂದು ನೋಡಿಕೊಂಡು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ. ಜಾಗ ಸಾಲದಿದ್ದರೆ ಒಂದೊಂದೇ ಫೋಲ್ಡರ್ ಇಳಿಸಿ. ಎಲ್ಲ ಗುರುತೂ ತುಂಬಿದ ಹಸಿರಾಗುವ ತನಕ ಕಾಯಬೇಕು. ನೆಟ್ ನಿಧಾನವಾಗಿದ್ದರೆ ರಾತ್ರಿಯಿಡೀ ಬಿಟ್ಟು ಮಲಗುವುದೇ ವಾಸಿ.

ಪೂರ್ತಿ ಇಳಿದ ಮೇಲೆ ಡಿ ಡ್ರೈವಿನಲ್ಲಿ, ಯಾವ ಸಿಂಕಿಗೂ ಸೇರದ ಕಡೆ, 'ಫೋಟೋ' ಎಂಬ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿಯನ್ನೇ ಮಾಡಿ. ಆಮೇಲೆ ಹಳೆಯ ಫೋಲ್ಡರ್, ಹೊಸ ಫೋಲ್ಡರ್ ಎರಡರ ಪ್ರಾಪರ್ಟೀಸ್ ಪಕ್ಕಪಕ್ಕ ಇಟ್ಟುಕೊಂಡು ಫೈಲುಗಳ ಸಂಖ್ಯೆ, ಬೈಟಿನ ಲೆಕ್ಕ ಎರಡೂ ತಾಳೆ ನೋಡಿ. ಒಂದು ಬೈಟ್ ವ್ಯತ್ಯಾಸ ಬಂದರೂ ಮುಂದೆ ಹೋಗಬೇಡಿ. ತಾಳೆ ಬಿದ್ದ ಮೇಲೆ ಒನ್‌ಡ್ರೈವ್ ಸೆಟ್ಟಿಂಗ್ಸ್, 'ಸಿಂಕ್ ಅಂಡ್ ಬ್ಯಾಕಪ್', 'ಮ್ಯಾನೇಜ್ ಬ್ಯಾಕಪ್' ಒಳಗೆ ಹೋಗಿ ಪಿಕ್ಚರ್ಸಿನ ಬ್ಯಾಕಪ್ ನಿಲ್ಲಿಸಿ.

ಹಳೆಯ ಜಾಗದ್ದನ್ನು ಅಳಿಸಲು ಅವಸರ ಬೇಡ. ಸಿಂಕ್ ಫೋಲ್ಡರಿನಲ್ಲಿ ಒಂದು ಫೈಲ್ ಅಳಿಸಿದರೆ ಕ್ಲೌಡಿನಲ್ಲೂ, ಅದಕ್ಕೆ ಜೋಡಿಸಿದ ಬೇರೆ ಕಂಪ್ಯೂಟರುಗಳಲ್ಲೂ ಅಳಿಸಿಹೋಗುತ್ತದೆ. ಖಾಸಗಿ ಒನ್‌ಡ್ರೈವ್ ಖಾತೆಯ ರಿಸೈಕಲ್ ಬಿನ್ನಿನಲ್ಲಿ ಅದು ಉಳಿಯುವುದು 30 ದಿನ. ಈಗಾಗಲೇ ಅಳಿಸಿ ಕೂತವರು ಕೂಡಲೇ ಮೊಬೈಲಿನಲ್ಲಾದರೂ ಆ ಖಾತೆಗೆ ಲಾಗಿನ್ ಆಗಿ ಬಿನ್ ನೋಡಬೇಕು.

ಜಾಗ ಬದಲಾಯಿಸಿದ ಮೇಲೆ ಲೈಟ್‌ರೂಮಿನಲ್ಲಿ ಹಳೆಯ ಫೋಲ್ಡರಿಗೆ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಹಳೆಯ ಪ್ರತಿ ಇನ್ನೂ ಅಲ್ಲೇ ಇದ್ದರೆ ಬೀಳುವುದಿಲ್ಲ, ಆಗ ಹಳೆಯ ಫೋಲ್ಡರಿನ ಹೆಸರಿಗೆ 'ಹಳೆಯದು' ಎಂದು ಸೇರಿಸಿದರೆ ಬೀಳುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಒತ್ತಿ ಡಿ ಡ್ರೈವಿನ ಹೊಸ ಫೋಲ್ಡರ್ ತೋರಿಸಿ. ಮೇಲಿನ ಮುಖ್ಯ ಫೋಲ್ಡರ್ ತೋರಿಸಿದರೆ ಒಳಗಿನವೆಲ್ಲ ತಾವೇ ಹೊಂದಿಕೊಳ್ಳುತ್ತವೆ.

ಗಾತ್ರ ಸರಿಯಿದೆ, ಆದರೂ "ಫೋಟೋ ಈಸ್ ಮಿಸ್ಸಿಂಗ್"

ಕ್ಯಾಟಲಾಗ್ ಎಂದರೆ ಪಹಣಿ ಇದ್ದ ಹಾಗೆ. ತೋಟ ಎಲ್ಲಿದೆ, ಎಷ್ಟಿದೆ, ಅದರಲ್ಲಿ ಏನು ಮಾಡಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ, ತೋಟ ಅದರೊಳಗೆ ಇರುವುದಿಲ್ಲ. ಬರೆದ ವಿಳಾಸ ತಪ್ಪಿದರೆ ಫೋಟೋ ಡಿಸ್ಕಿನಲ್ಲಿದ್ದರೂ ಸಿಗುವುದಿಲ್ಲ.

ಎಕ್ಸ್‌ಟರ್ನಲ್ ಡಿಸ್ಕ್ ಬಳಸುವವರಲ್ಲಿ ಇದಕ್ಕೆ ಮಾಮೂಲಿ ಕಾರಣ ಡ್ರೈವ್ ಲೆಟರ್. ನಿನ್ನೆ 'ಇ' ಆಗಿದ್ದ ಡಿಸ್ಕ್, ಇವತ್ತು ಪೆನ್ ಡ್ರೈವ್ ಮೊದಲೇ ಸಿಕ್ಕಿಸಿದ್ದರಿಂದ 'ಎಫ್' ಆಗಿರುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ಆ ಡಿಸ್ಕಿಗೆ 'ಚೇಂಜ್ ಡ್ರೈವ್ ಲೆಟರ್' ಒತ್ತಿ ಹಳೆಯ ಅಕ್ಷರವನ್ನೇ ಕೊಡಿ. ಹೊಸದಾಗಿ ಶುರು ಮಾಡುವವರು ವರ್ಣಮಾಲೆಯ ಕೊನೆಯ ಕಡೆಯ ಅಕ್ಷರ, 'ಪಿ' ಅಥವಾ 'ಟಿ', ಕೊಟ್ಟುಬಿಟ್ಟರೆ ಪೆನ್ ಡ್ರೈವುಗಳ ಜೊತೆ ಗಲಾಟೆ ಇರುವುದಿಲ್ಲ. ಅದೇ ಅಕ್ಷರವನ್ನು ಡಿಸ್ಕಿನ ಮೇಲೆ ಚೀಟಿ ಅಂಟಿಸಿ ಬರೆಯಿರಿ.

ಫೋಟೋ ಬಂತು, ಎಡಿಟಿಂಗ್ ಹೋಗಿದೆ

ಕ್ಯಾಮೆರಾದಿಂದ ಬಂದ ಹಾಗೇ ಬೂದು ಬಣ್ಣದಲ್ಲಿ ಫೋಟೋ ನಿಂತಿದ್ದರೆ, ಹತ್ತರಲ್ಲಿ ಒಂಬತ್ತು ಪಾಲು ನೀವು ಬೇರೆ ಕ್ಯಾಟಲಾಗ್ ತೆರೆದಿದ್ದೀರಿ. ಲೈಟ್‌ರೂಮ್ ಕಿಟಕಿಯ ಮೇಲಂಚಿನಲ್ಲಿ ಕ್ಯಾಟಲಾಗಿನ ಹೆಸರಿರುತ್ತದೆ, ಓದಿ. 'ಫೈಲ್' ಮೆನುವಿನ 'ಓಪನ್ ರೀಸೆಂಟ್' ಪಟ್ಟಿಯಲ್ಲಿ ಹಳೆಯ ಕ್ಯಾಟಲಾಗುಗಳ ಹೆಸರಿರುತ್ತವೆ, ಒಂದೊಂದೇ ತೆರೆದು ನೋಡಿ.

ಅದಲ್ಲವಾದರೆ ಕ್ಯಾಟಲಾಗನ್ನೇ ಸಿಂಕ್ ಹಾಳು ಮಾಡಿರುವ ಸಾಧ್ಯತೆ ಇದೆ. ಈ ವಿಷಯವನ್ನು ನಾನು ಯಾರಿಗೂ ಹೇಳದೇ ಬಿಡುವುದಿಲ್ಲ. ವಿಂಡೋಸಿನಲ್ಲಿ ಲೈಟ್‌ರೂಮ್ ಕ್ಲಾಸಿಕ್ ತಾನಾಗಿ ಕ್ಯಾಟಲಾಗ್ ಇಡುವುದು ಪಿಕ್ಚರ್ಸ್ ಒಳಗಿನ ಲೈಟ್‌ರೂಮ್ ಫೋಲ್ಡರಿನಲ್ಲಿ. ಪಿಕ್ಚರ್ಸಿಗೆ ಬ್ಯಾಕಪ್ ಹಾಕಿದ್ದರೆ ಕ್ಯಾಟಲಾಗೂ ಸಿಂಕಿಗೆ ಬಿತ್ತು. ಕ್ಯಾಟಲಾಗ್ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ನೀವು ಒಂದು ಸ್ಲೈಡರ್ ಎಳೆದರೂ ಅದರೊಳಗೆ ಬರವಣಿಗೆ ನಡೆಯುತ್ತದೆ. ಬರೆಯುತ್ತಿರುವಾಗಲೇ ಸಿಂಕ್ ಅದನ್ನು ಎತ್ತಿಕೊಂಡು ಹೋದರೆ ಮೇಲೆ ತಲುಪುವುದು ಅರ್ಧ ಬರೆದ ಪ್ರತಿ. ಸ್ಟುಡಿಯೋದಲ್ಲೊಂದು, ಮನೆಯಲ್ಲೊಂದು ಕಂಪ್ಯೂಟರ್ ಇಟ್ಟು ಎರಡರಲ್ಲೂ ಅದೇ ಕ್ಯಾಟಲಾಗ್ ತೆರೆಯುವವರಿಗೆ, ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರು ಅಂಟಿಕೊಂಡ ಇನ್ನೊಂದು ಪ್ರತಿ ಹುಟ್ಟಿರುವುದು ಕಾಣಬಹುದು. ಅರ್ಧ ಕೆಲಸ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಎರಡನ್ನೂ ಅಳಿಸದೆ ಬೇರೆ ಜಾಗಕ್ಕೆ ಕಾಪಿ ಮಾಡಿ ತೆರೆದು ನೋಡಿ, ಹೆಚ್ಚು ಕೆಲಸ ಇರುವುದನ್ನು ಇಟ್ಟುಕೊಂಡು 'ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್' ಮೂಲಕ ಇನ್ನೊಂದರ ಕೆಲಸವನ್ನು ಸೇರಿಸಬೇಕು. ಎರಡು ಕಡೆ ಕೆಲಸ ಮಾಡಲೇಬೇಕಿದ್ದರೆ ಕ್ಯಾಟಲಾಗನ್ನು ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿಟ್ಟು ಕಿಸೆಯಲ್ಲಿ ಒಯ್ಯುವುದೇ ಸರಿಯಾದ ದಾರಿ.

ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದ ಮೇಲೆ "ಕ್ಯಾಟಲಾಗ್ ಬೇರೆ ಕಡೆ ತೆರೆದಿದೆ" ಎಂಬ ಸಂದೇಶ ಬಂದರೆ ಹೆದರಬೇಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಲೈಟ್‌ರೂಮ್ ಓಡುತ್ತಿಲ್ಲ ಎಂದು ನೋಡಿಕೊಳ್ಳಿ. ಕ್ಯಾಟಲಾಗಿನ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ 'ಲಾಕ್' ಎಂದಿರುವ ಸಣ್ಣ ಫೈಲ್ ಇರುತ್ತದೆ, ಅದೊಂದನ್ನು ಮಾತ್ರ ಅಳಿಸಿ. ಪಕ್ಕದಲ್ಲೇ 'ಜರ್ನಲ್' ಅಥವಾ 'ಡಬ್ಲ್ಯುಎಎಲ್' ಎಂದು ಕೊನೆಯಾಗುವ ಫೈಲ್ ಕಂಡರೆ ಅದನ್ನು ಮುಟ್ಟಲೇಬಾರದು. ಕರೆಂಟ್ ಹೋಗುವ ಮುಂಚಿನ ಕೊನೆಯ ಕೆಲಸ ಅದರೊಳಗಿರಬಹುದು. ಕ್ಯಾಟಲಾಗ್ ಕೆಟ್ಟೇಹೋಗಿದ್ದರೆ 'ಬ್ಯಾಕಪ್ಸ್' ಫೋಲ್ಡರಿನಲ್ಲಿ ತಾರೀಖು ಹಾಕಿದ ಫೋಲ್ಡರುಗಳ ಒಳಗೆ ಜಿಪ್ ಫೈಲುಗಳಿರುತ್ತವೆ, ಇತ್ತೀಚಿನದನ್ನು ಬಿಚ್ಚಿ ತೆರೆಯಿರಿ.

ಇದಕ್ಕೆಲ್ಲ ಇನ್ನೊಂದು ಭದ್ರತೆ ಎಕ್ಸ್‌ಎಂಪಿ ಫೈಲ್. ಕ್ಯಾಟಲಾಗ್ ಸೆಟ್ಟಿಂಗ್ಸಿನ ಮೆಟಾಡೇಟಾ ಪುಟದಲ್ಲಿ ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆಗೆ ಟಿಕ್ ಹಾಕಿದರೆ, ಪ್ರತಿ ರಾ ಫೈಲಿನ ಪಕ್ಕ ಅದೇ ಹೆಸರಿನ ಸಣ್ಣ ಫೈಲ್ ಕೂರುತ್ತದೆ. ಆ ಫೋಟೋದ ಎಡಿಟಿಂಗ್ ಅದರಲ್ಲಿರುತ್ತದೆ. ಕ್ಯಾಟಲಾಗ್ ಹೋದರೂ ಮತ್ತೆ ಇಂಪೋರ್ಟ್ ಮಾಡಿದಾಗ ಬಣ್ಣವೆಲ್ಲ ವಾಪಸ್ ಬರುತ್ತದೆ. ವರ್ಚುವಲ್ ಕಾಪಿ, ಕಲೆಕ್ಷನ್, ಹಿಸ್ಟರಿಯ ಮೆಟ್ಟಿಲುಗಳು ಬರುವುದಿಲ್ಲ, ಅವು ಕ್ಯಾಟಲಾಗಿನಲ್ಲೇ ಉಳಿಯುವಂಥವು. ಡಾರ್ಕ್‌ಟೇಬಲ್, ರಾಥೆರಪಿ ಬಳಸುವವರಿಗೆ ಈ ಚಿಂತೆ ಕಡಿಮೆ, ಅವು ಸಾಮಾನ್ಯವಾಗಿ ತಾವಾಗಿಯೇ ಫೋಟೋದ ಪಕ್ಕದಲ್ಲಿ ಇಂಥ ಫೈಲ್ ಬರೆಯುತ್ತವೆ.

ಆಲ್ಬಮ್ ಪ್ರಿಂಟ್ ಮಸುಕಾಗಿ ಬಂದರೆ

ಇದು ಬಹಳ ತಡವಾಗಿ ಗೊತ್ತಾಗುವ ದೋಷ. ಲೈಟ್‌ರೂಮಿನಲ್ಲಿ ಸ್ಮಾರ್ಟ್ ಪ್ರಿವ್ಯೂ (ಫೋಟೋದ ಸಣ್ಣ ಅಳತೆಯ ಪ್ರತಿ) ಮಾಡಿಟ್ಟಿದ್ದರೆ ಅಸಲಿ ಫೈಲ್ ಇಲ್ಲದಿದ್ದರೂ ಎಡಿಟಿಂಗ್ ನಡೆಯುತ್ತದೆ, ಎಕ್ಸ್‌ಪೋರ್ಟೂ ಆಗುತ್ತದೆ. ಸ್ಮಾರ್ಟ್ ಪ್ರಿವ್ಯೂನ ಉದ್ದ ಬದಿ 2560 ಪಿಕ್ಸೆಲ್ ಮಾತ್ರ. 300 ಡಿಪಿಐ ಲೆಕ್ಕದಲ್ಲಿ ಅದು ಎಂಟೂವರೆ ಇಂಚಿಗೆ ಸಾಕು. ನಮ್ಮ ಕಡೆ ಮದುವೆ ಆಲ್ಬಮಿಗೆ 12×36 ಇಂಚಿನ ಶೀಟ್ ಮಾಡಿಸುತ್ತಾರೆ, ಅದರ ಪೂರ್ತಿ ಅಗಲಕ್ಕೆ 10,800 ಪಿಕ್ಸೆಲ್ ಬೇಕು. ಹುಡುಗ ಹುಡುಗಿಯ ದೊಡ್ಡ ಫೋಟೋ ಅರ್ಧ ಶೀಟಿಗೆ ಹಾಕಿದರೂ ಮುಖ ಮಸುಕಾಗುವುದು ಖಂಡಿತ. ಡೆವಲಪ್ ಪುಟದಲ್ಲಿ ಹಿಸ್ಟೋಗ್ರಾಮಿನ ಕೆಳಗೆ ಒಂದು ಸಾಲು ಇರುತ್ತದೆ. 'ಒರಿಜಿನಲ್ ಫೋಟೋ' ಎಂದಿದ್ದರೆ ಸರಿ. ಬರೀ 'ಸ್ಮಾರ್ಟ್ ಪ್ರಿವ್ಯೂ' ಎಂದಿದ್ದರೆ ಅಸಲಿ ಇಲ್ಲಿಲ್ಲ, ಲ್ಯಾಬಿಗೆ ಕಳಿಸಬೇಡಿ.

ಫೋಟೋಶಾಪಿನ ಫೈಲ್ ಸಿಗದಿದ್ದರೆ

ಸೇವ್ ಒತ್ತಿದಾಗ ಕ್ಲೌಡಿಗೋ ಕಂಪ್ಯೂಟರಿಗೋ ಎಂದು ಫೋಟೋಶಾಪ್ ಕೇಳುತ್ತದೆ. ನೋಡದೆ ಮುಂದೆ ಹೋದರೆ ಆಲ್ಬಮ್ ಶೀಟ್ ಕ್ಲೌಡ್ ಡಾಕ್ಯುಮೆಂಟ್ ಆಗಿಬಿಟ್ಟಿರುತ್ತದೆ. ಎಕ್ಸ್‌ಪ್ಲೋರರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಫೋಟೋಶಾಪಿನ ಹೋಮ್ ಪುಟದಲ್ಲೇ ಕ್ಲೌಡ್ ಫೈಲುಗಳ ಪಟ್ಟಿ ತೆರೆದು, 'ಸೇವ್ ಆಸ್' ಕೊಟ್ಟು ಕಂಪ್ಯೂಟರಿಗೆ ಪಿಎಸ್‌ಡಿಯಾಗಿ (ಫೋಟೋಶಾಪಿನ ಮಾಮೂಲಿ ಫೈಲ್ ಬಗೆ) ಉಳಿಸಿ. ಮತ್ತೆ ಹಾಗಾಗದಂತೆ ಪ್ರಿಫರೆನ್ಸಸ್, 'ಫೈಲ್ ಹ್ಯಾಂಡ್ಲಿಂಗ್' ಒಳಗೆ 'ಡಿಫಾಲ್ಟ್ ಫೈಲ್ ಲೊಕೇಶನ್' ಅನ್ನು 'ಆನ್ ಯುವರ್ ಕಂಪ್ಯೂಟರ್' ಮಾಡಿ. ಲೇಯರ್ ಹೆಚ್ಚಾಗಿ ಫೈಲ್ 2 ಜಿಬಿ ದಾಟಿದರೆ ಪಿಎಸ್‌ಡಿಯಾಗಿ ಉಳಿಯುವುದಿಲ್ಲ, ದೊಡ್ಡ ಫೈಲಿಗೆಂದೇ ಇರುವ ಪಿಎಸ್‌ಬಿ ಬಗೆಯನ್ನು ಆರಿಸಬೇಕು.

ದೋಷ ಡಿಸ್ಕಿನದೇ ಆಗಿದ್ದರೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಗೋಡೆ ಬೆವರುತ್ತದೆ, ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ, ಯುಎಸ್‌ಬಿ ಪಿನ್ನುಗಳಿಗೂ ಅದೇ ಗಾಳಿ. ಡಿಸ್ಕ್ ಕಂಡು ಮಾಯವಾಗುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಹಾಕಿ ನೋಡಿ. ಅಗಲ ಚಪ್ಪಟೆ ತಲೆಯ ಹಳೆಯ ಕೇಬಲ್ ಸಡಿಲವಾಗಿರುವುದೇ ಎಷ್ಟೋ ಸಲ ಕಾರಣ. ಟಿಕ್ ಟಿಕ್ ಸದ್ದು ಬಂದರೆ, ಒಂದೊಂದು ಫೈಲ್ ಕಾಪಿಯಾಗಲು ನಿಮಿಷಗಟ್ಟಲೆ ತಗೊಂಡರೆ, ಆ ಡಿಸ್ಕಿನ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆ, ಚೆಕ್‌ಡಿಸ್ಕ್, ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅದು ಹೆಚ್ಚಿನ ಶ್ರಮ. ಬೇಕಾದ ಫೋಟೋ ಮೊದಲು ಕಾಪಿ ಮಾಡಿಕೊಳ್ಳಿ, ಕಾಪಿಯೇ ಆಗದಿದ್ದರೆ ಡಿಸ್ಕ್ ತೆಗೆದಿಟ್ಟು ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ.

ಮುಂದೆ ಇಡುವ ಬಗೆ

3,000 ರಾ ಫೋಟೋದ ಒಂದು ಮದುವೆ ಎಂದರೆ ಸುಮಾರು 80 ಜಿಬಿ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗ ಒಂದೇ ಸಮ ಸಿಕ್ಕರೂ ಅದು ಕ್ಲೌಡಿಗೆ ಹೋಗಲು ಸುಮಾರು 18 ಗಂಟೆ. 2 ಮೆಗಾಬಿಟ್ ಆದರೆ ಮೂರೂವರೆ ದಿನ ದಾಟುತ್ತದೆ, ಅದೂ ನೆಟ್ ಒಂದು ಕ್ಷಣವೂ ಹೋಗದಿದ್ದರೆ. ಅದೇ 80 ಜಿಬಿ ಯುಎಸ್‌ಬಿ 3 ಹಾರ್ಡ್ ಡಿಸ್ಕಿಗೆ ಕಾಪಿಯಾಗುವುದು ಕಾಲು ಗಂಟೆಯ ಆಸುಪಾಸಿನಲ್ಲಿ. ಘಟ್ಟದ ಮೇಲಿನ ನಮ್ಮಂಥವರಿಗೆ ಈ ಲೆಕ್ಕವೇ ಸಾಕು. ರಾ ಫೈಲ್, ಕ್ಯಾಟಲಾಗ್, ಪಿಎಸ್‌ಡಿ ಮೂರೂ ಸ್ವಂತ ಡಿಸ್ಕಿನಲ್ಲಿರಲಿ. ಕ್ಲೌಡಿನ ಮೇಲೆ ನನಗೆ ಹಗೆಯಿಲ್ಲ, ಗಿರಾಕಿಗೆ ತೋರಿಸುವ ಜೆಪೆಗ್‌ಗಳನ್ನು ಅಲ್ಲಿಗೆ ಹಾಕಿ.

ಸ್ವಂತ ಡಿಸ್ಕ್ ಎಂದರೆ ಒಂದೇ ಡಿಸ್ಕ್ ಅಲ್ಲ. ಕಂಪ್ಯೂಟರಿನಲ್ಲೊಂದು ಪ್ರತಿ, ಎಕ್ಸ್‌ಟರ್ನಲ್ ಡಿಸ್ಕಿನಲ್ಲೊಂದು, ಇನ್ನೊಂದು ಬೇರೆ ಮನೆಯಲ್ಲಿ. ಸ್ಟುಡಿಯೋಗೆ ನೀರು ನುಗ್ಗಿದರೆ, ಸಿಡಿಲು ಬಡಿದರೆ ಅಲ್ಲಿರುವ ಎರಡೂ ಒಟ್ಟಿಗೆ ಹೋಗುತ್ತವೆ. ಡಿಸ್ಕುಗಳನ್ನು ಸಿಲಿಕಾ ಜೆಲ್ ಪುಡಿಕೆ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪವರ್ ಪ್ಲಗ್ ಜೊತೆ ನೆಟ್ಟಿನ ಕೇಬಲನ್ನೂ ಕೀಳಬೇಕು. ಇನ್ವರ್ಟರ್ ಇದೆ ಎಂದು ಯುಪಿಎಸ್ ಬಿಡಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಒಂದು ಚಣದಲ್ಲೇ ಕಂಪ್ಯೂಟರ್ ಆಫ್ ಆಗಿಬಿಡಬಹುದು.

ಎಲ್ಲ ಸರಿಮಾಡಿದ ಮೇಲೆ ಪರೀಕ್ಷೆ ಹೀಗೆ: ನೆಟ್ಟಿನ ಕೇಬಲ್ ತೆಗೆದು, ವೈಫೈ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕಳೆದ ವರ್ಷದ್ದು, ಹೋದ ತಿಂಗಳದ್ದು, ಈ ವಾರದ್ದು ಎಂದು ಬೇರೆಬೇರೆ ಫೋಲ್ಡರಿನಿಂದ ಕೆಲವು ಫೋಟೋ ಡೆವಲಪ್ ಪುಟದಲ್ಲಿ ತೆರೆದು, ಹಿಸ್ಟೋಗ್ರಾಮಿನ ಕೆಳಗಿನ ಸಾಲು ಓದಿ, ಪೂರ್ತಿ ಅಳತೆಯಲ್ಲಿ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಆದ ಜೆಪೆಗ್‌ನ ಉದ್ದ ಬದಿ, 24 ಮೆಗಾಪಿಕ್ಸೆಲ್ ಕ್ಯಾಮೆರಾದ್ದಾದರೆ, 6000 ಪಿಕ್ಸೆಲ್ ಆಸುಪಾಸು ಇರಬೇಕು. ಕ್ರಾಪ್ ಮಾಡದ ಫೋಟೋದಲ್ಲಿ 2560 ಎಂದು ಬಂದರೆ ಲೈಟ್‌ರೂಮಿಗೆ ಅಸಲಿ ಫೈಲ್ ಇನ್ನೂ ಸಿಕ್ಕಿಲ್ಲ, ಮೊದಲ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.